ಕೋಶ ಬೆಳೆಸುವ ಮೀಡಿಯಾ ಬಾಟಲಿಗೆ ಅಮೈನೋ ಆಮ್ಲ, ವಿಟಮಿನ್ ಸೇರಿಸಬೇಕೇ?

ಪ್ರಶ್ನೆ (ಸಂಶೋಧನಾ ವಿದ್ಯಾರ್ಥಿನಿ, ಮಂಗಳೂರು):
ನಮಸ್ಕಾರ ಮೇಡಂ. ನಾನು ಹೆಪ್‌ಜಿ2 ಎಂಬ, ಮನುಷ್ಯನ ಯಕೃತ್ತಿನ ಗೆಡ್ಡೆಯಿಂದ ಬಂದ ಕೋಶಗಳನ್ನು ಬೆಳೆಸುತ್ತಿದ್ದೇನೆ. ಏಪ್ರಿಲ್‌ನಲ್ಲಿ ಐದಾರು ದಿನಕ್ಕೆ ಫ್ಲಾಸ್ಕ್ ತುಂಬುತ್ತಿತ್ತು. ಈಗ ಹತ್ತು ದಿನವಾದರೂ ಅರ್ಧ ದಾಟುವುದಿಲ್ಲ. ಮೀಡಿಯಾ, ಅಂದರೆ ಕೋಶಗಳಿಗೆ ಕೊಡುವ ಪೋಷಕ ದ್ರವ, ಎಂಇಎಂ ಎಂಬ ಬಗೆಯದು; ಜೊತೆಗೆ ಶೇಕಡಾ 10 ಸೀರಮ್ (ರಕ್ತದಿಂದ ತೆಗೆದ ತಿಳಿದ್ರವ). ನಾನ್ ಎಸೆನ್ಶಿಯಲ್ (ದೇಹ ತಾನೇ ಮಾಡಿಕೊಳ್ಳಬಲ್ಲ) ಅಮೈನೋ ಆಮ್ಲ ಮತ್ತು ವಿಟಮಿನ್ ದ್ರಾವಣ ತರಿಸಿ ಹಾಕು ಎಂದು ಗೈಡ್ ಸರ್ ಹೇಳಿದ್ದಾರೆ. ಡಿಎಂಇಎಂ ಎಂಬ ಇನ್ನೊಂದು ಮೀಡಿಯಾಗೆ ಬದಲಿಸಿದರೆ ಎಲ್ಲ ಸರಿಯಾಗುತ್ತದೆ ಎಂದು ಸೀನಿಯರ್ ಅಕ್ಕ ಹೇಳುತ್ತಾರೆ. ಏನು ತರಿಸಿದರೂ ಬೆಂಗಳೂರಿನಿಂದ ಬರಬೇಕು. ಶಿರಾಡಿ ಘಾಟಿಯಲ್ಲಿ ಮಣ್ಣು ಕುಸಿದರೆ ಥರ್ಮೋಕೋಲ್ ಪೆಟ್ಟಿಗೆಯೊಳಗಿನ ಐಸ್ ಕರಗಿ ನೀರಾಗಿರುತ್ತದೆ. ಯಾವುದನ್ನು ತರಿಸಲಿ?

ಉತ್ತರ (ಮಣಿಪಾಲದಲ್ಲಿ ಇಪ್ಪತ್ತು ವರ್ಷ ಕೋಶ ಕೃಷಿ ಪ್ರಯೋಗಾಲಯ ನೋಡಿಕೊಂಡು ನಿವೃತ್ತರಾದವರು):
ಸದ್ಯಕ್ಕೆ ಏನನ್ನೂ ತರಿಸಬೇಡಿ. ಮೊದಲು ನಾಲ್ಕು ವಿಷಯ ಹೇಳಿ. ಈ ಬಾಟಲಿ ತೆರೆದದ್ದು ಯಾವಾಗ? ಲೇಬಲ್‌ನಲ್ಲಿ ಎಲ್-ಗ್ಲುಟಾಮಿನ್ (ಒಂದು ಅಮೈನೋ ಆಮ್ಲ) ಇದೆ ಎಂದು ಬರೆದಿದೆಯೇ, ಇಲ್ಲ ಎಂದೇ? ಬಳಸುವ ಮೊದಲು ಹೇಗೆ ಬಿಸಿ ಮಾಡುತ್ತೀರಿ? ಬಾಟಲಿಯ ಬಣ್ಣ ಈಗ ಹೇಗಿದೆ?

ವಿದ್ಯಾರ್ಥಿನಿ:
ತೆರೆದದ್ದು ಮೇ ಮೊದಲ ವಾರ, ಈಗ ಎರಡೂವರೆ ತಿಂಗಳಾಯಿತು. ಗ್ಲುಟಾಮಿನ್ ಇದೆ ಎಂದೇ ಬರೆದಿದೆ. ವಾರಕ್ಕೆ ಮೂರು ಸಲ ಇಡೀ ಬಾಟಲಿಯನ್ನು 37 ಡಿಗ್ರಿಯ ವಾಟರ್ ಬಾತ್‌ನಲ್ಲಿ ಇಡುತ್ತೇನೆ. ಊಟಕ್ಕೆ ಹೋದರೆ ಕೆಲವೊಮ್ಮೆ ಎರಡು ಗಂಟೆ ಅಲ್ಲೇ ಇರುತ್ತದೆ. ಒಮ್ಮೆ ಮರೆತು ರಾತ್ರಿಯಿಡೀ ಬಿಟ್ಟಿದ್ದೆ. ಬಣ್ಣ ಪುನರ್ಪುಳಿ ಶರಬತ್ತಿನ ಹಾಗಿದೆ.

ಉತ್ತರ:
ಪುನರ್ಪುಳಿ ಎಂದದ್ದು ಒಳ್ಳೆಯದಾಯಿತು, ಬಾಟಲಿ ಕಣ್ಣೆದುರಿಗೇ ಬಂತು. ಮೀಡಿಯಾದಲ್ಲಿರುವ ಫೀನಾಲ್ ರೆಡ್ ಎಂಬ ಬಣ್ಣ ಸರಿಯಾದ ಪಿಎಚ್‌ನಲ್ಲಿ ಕಿತ್ತಳೆ ಬೆರೆತ ಕೆಂಪಾಗಿರಬೇಕು. ಅರ್ಧ ಖಾಲಿಯಾದ ಬಾಟಲಿಯ ಮುಚ್ಚಳವನ್ನು ಮತ್ತೆ ಮತ್ತೆ ತೆರೆದರೆ ಕಾರ್ಬನ್ ಡೈಆಕ್ಸೈಡ್ ಹೊರಟುಹೋಗಿ ಕ್ಷಾರ ಹೆಚ್ಚುತ್ತದೆ, ಬಣ್ಣ ಗುಲಾಬಿಗೆ ತಿರುಗುತ್ತದೆ. ಆದರೆ ನಿಮ್ಮ ತೊಂದರೆಯ ಬೇರು ಬಣ್ಣದಲ್ಲಿ ಕಾಣಿಸುವಂಥದ್ದಲ್ಲ, ಅದು ಗ್ಲುಟಾಮಿನ್‌ನದ್ದು ಎಂದು ನನ್ನ ಅನುಮಾನ.

ಗ್ಲುಟಾಮಿನ್ ಮೀಡಿಯಾದಲ್ಲಿ ಕರಗಿದ ಕ್ಷಣದಿಂದಲೇ ತನ್ನಷ್ಟಕ್ಕೆ ಒಡೆಯುತ್ತಾ ಹೋಗುತ್ತದೆ. ಅದನ್ನು ತಿನ್ನುವ ಕೋಶ ಒಳಗೆ ಇದೆಯೋ ಇಲ್ಲವೋ ಎಂಬುದು ಅದಕ್ಕೆ ಲೆಕ್ಕವಿಲ್ಲ. 37 ಡಿಗ್ರಿಯಲ್ಲಿ ಹೆಚ್ಚುಕಡಿಮೆ ಒಂದು ವಾರಕ್ಕೆ ಅರ್ಧ ಹೋಗಿರುತ್ತದೆ. ಫ್ರಿಜ್‌ನಲ್ಲಿ ಬಹಳ ನಿಧಾನ, ಆದರೂ ನಿಲ್ಲುವುದಿಲ್ಲ. ಎಂಇಎಂನಲ್ಲಿ ಅದು ಇರುವುದೇ ಲೀಟರಿಗೆ 292 ಮಿಲಿಗ್ರಾಂ, ಅಂದರೆ 2 ಮಿಲಿಮೋಲಾರ್. ನಿಮ್ಮ ವಾಟರ್ ಬಾತ್‌ನ ಗಂಟೆಗಳನ್ನೆಲ್ಲ ಕೂಡಿಸಿ, ಮರೆತ ಆ ರಾತ್ರಿಯನ್ನೂ ಸೇರಿಸಿ, ಅದರ ಮೇಲೆ ಫ್ರಿಜ್‌ನ ಎರಡೂವರೆ ತಿಂಗಳು ಇಡಿ. ಉಳಿದದ್ದೆಷ್ಟು ಎಂದು ನೀವೇ ಊಹಿಸಬಹುದು.

ಹಾಗಾದರೆ ಹೊಸ ಗ್ಲುಟಾಮಿನ್ ಸುರಿದರೆ ಸಾಲದೇ ಎಂದು ಕೇಳುತ್ತೀರಿ. ಒಡೆದ ಗ್ಲುಟಾಮಿನ್ ಸುಮ್ಮನೆ ಮಾಯವಾಗುವುದಿಲ್ಲ, ಅಮೋನಿಯಾ ಬಿಟ್ಟುಹೋಗುತ್ತದೆ. ಅದು ಕೋಶಗಳಿಗೆ ವಿಷ. ಮೇಲಿನಿಂದ ಎಷ್ಟು ಹಾಕಿದರೂ ಒಳಗೆ ಸೇರಿದ ಅಮೋನಿಯಾ ಹೋಗುವುದಿಲ್ಲ. ಆ ಬಾಟಲಿಯನ್ನು ಚೆಲ್ಲಿಬಿಡಿ. ದುಡ್ಡು ಕೊಟ್ಟು ತಂದದ್ದು ಎಂದು ಹೊಟ್ಟೆ ಉರಿಯುತ್ತದೆ, ಗೊತ್ತು. ಆದರೆ ಈ ಎರಡೂವರೆ ತಿಂಗಳಲ್ಲಿ ಹಾಳಾದ ಸೀರಮ್‌ನ ಬೆಲೆ ಅದಕ್ಕಿಂತ ಹೆಚ್ಚು.

ಇನ್ನು ಗೈಡ್ ಸರ್ ಹೇಳಿದ್ದು. ಅರ್ಧ ಸರಿ. ಹೆಪ್‌ಜಿ2ಗೆ ಎಂಇಎಂ ಬಳಸುವವರು ನಾನ್ ಎಸೆನ್ಶಿಯಲ್ ಅಮೈನೋ ಆಮ್ಲ ಮತ್ತು ಪೈರುವೇಟ್ (ಕೋಶಕ್ಕೆ ಶಕ್ತಿ ಕೊಡುವ ಪದಾರ್ಥ) ಸೇರಿಸುವುದು ರೂಢಿ. ಕೆಲವು ಕಂಪನಿಗಳ ಎಂಇಎಂನಲ್ಲಿ ಇವು ಮೊದಲೇ ಇರುತ್ತವೆ, ಸಾದಾ ಎಂಇಎಂನಲ್ಲಿ ಇರುವುದಿಲ್ಲ. ಲೇಬಲ್ ಓದಿ. ಇಲ್ಲದಿದ್ದರೆ ನಾನ್ ಎಸೆನ್ಶಿಯಲ್ ಅಮೈನೋ ಆಮ್ಲದ ಒಂದು ಬಾಟಲಿ ತರಿಸಬಹುದು. ಅದರಲ್ಲಿ ಏಳು ಇರುತ್ತವೆ: ಗ್ಲೈಸಿನ್, ಅಲನಿನ್, ಆಸ್ಪರಜಿನ್, ಆಸ್ಪಾರ್ಟಿಕ್ ಆಮ್ಲ, ಗ್ಲುಟಾಮಿಕ್ ಆಮ್ಲ, ಪ್ರೋಲಿನ್, ಸೆರಿನ್. ಬಾಟಲಿಯಲ್ಲಿ ಒಂದೊಂದೂ 10 ಮಿಲಿಮೋಲಾರ್. ಮೀಡಿಯಾಗೆ ಸೇರಿ ನೂರು ಪಟ್ಟು ತೆಳುವಾದಾಗ 0.1.

ವಿಟಮಿನ್ ದ್ರಾವಣ ಮಾತ್ರ ಬೇಡ. ಅದರಲ್ಲಿರುವ ಕೋಲಿನ್, ಪ್ಯಾಂಟೊಥೆನೇಟ್, ಫೋಲಿಕ್ ಆಮ್ಲ, ನಿಕೊಟಿನಮೈಡ್, ಪಿರಿಡಾಕ್ಸಲ್, ಥಯಮಿನ್, ರೈಬೋಫ್ಲೇವಿನ್, ಇನಾಸಿಟಾಲ್ ಎಂಟೂ ನಿಮ್ಮ ಎಂಇಎಂನಲ್ಲಿ ಈಗಾಗಲೇ ಇವೆ. ಎಂಇಎಂನಲ್ಲಿ ಇಲ್ಲದ ಬಯೋಟಿನ್, ಬಿ12 ಈ ದ್ರಾವಣದಲ್ಲೂ ಇಲ್ಲ; ಅವು ಬರುವುದು ಸೀರಮ್‌ನಿಂದ. ಕೋಶ ಸೊರಗಿತೆಂದರೆ ಟಾನಿಕ್ ಕುಡಿಸುವ ಬುದ್ಧಿ ನಮಗೆಲ್ಲರಿಗೂ ಇದೆ. ಹೊಟ್ಟೆ ತುಂಬಿದ ಮಗುವಿಗೆ ಇನ್ನೊಂದು ಬಟ್ಟಲು ಗಂಜಿ ಬಡಿಸಿದರೆ ಅದು ಎತ್ತರವಾಗುವುದಿಲ್ಲ.

ಡಿಎಂಇಎಂ ವಿಚಾರ ಚುಟುಕಾಗಿ: ವಿಟಮಿನ್ ನಾಲ್ಕು ಪಟ್ಟು, ಗ್ಲುಟಾಮಿನ್ ಎರಡು ಪಟ್ಟು ಇದೆ, ಕೋಶಗಳು ಬೆಳೆಯಲೂಬಹುದು. ಆದರೆ ಹೆಚ್ಚು ಸಕ್ಕರೆಯ ಡಿಎಂಇಎಂನಲ್ಲಿ ಲೀಟರಿಗೆ 4.5 ಗ್ರಾಂ ಗ್ಲೂಕೋಸ್ ಇದೆ, ನಿಮ್ಮ ಎಂಇಎಂನಲ್ಲಿ 1 ಗ್ರಾಂ. ಯಕೃತ್ತಿನ ಕೋಶದ ಮೇಲೆ ಪ್ರಬಂಧ ಬರೆಯುವವರು ನಡುದಾರಿಯಲ್ಲಿ ಇದನ್ನು ಬದಲಿಸಿದರೆ ಏಪ್ರಿಲ್‌ನ ಫಲಿತಾಂಶವನ್ನು ಆಗಸ್ಟ್‌ನದರ ಪಕ್ಕದಲ್ಲಿಡಲು ಆಗುವುದಿಲ್ಲ.

ವಿದ್ಯಾರ್ಥಿನಿ:
ಒಂದು ಗೊಂದಲ ಮೇಡಂ. ಪಠ್ಯಪುಸ್ತಕದಲ್ಲಿ ಗ್ಲುಟಾಮಿನ್, ಟೈರೋಸಿನ್ ಎರಡೂ ನಾನ್ ಎಸೆನ್ಶಿಯಲ್ ಪಟ್ಟಿಯಲ್ಲಿವೆ. ನೀವು ಹೇಳಿದ ಏಳರಲ್ಲಿ ಅವಿಲ್ಲ. ಹಾಗಾದರೆ ಕೋಶ ಕೃಷಿಯಲ್ಲಿ ಅವು ಹೇಗೆ ಎಸೆನ್ಶಿಯಲ್ ಆದವು?

ಉತ್ತರ:
ಪಠ್ಯಪುಸ್ತಕ ಹೇಳುವುದು ಇಡೀ ದೇಹದ ಮಾತು. ದೇಹದಲ್ಲಿ ಯಕೃತ್ತು ಫಿನೈಲ್‌ಅಲನಿನ್‌ನಿಂದ ಟೈರೋಸಿನ್ ಮಾಡಿ ಉಳಿದವರಿಗೆ ಹಂಚುತ್ತದೆ. ಫ್ಲಾಸ್ಕಿನಲ್ಲಿ ನೆರೆಮನೆಯೇ ಇಲ್ಲ, ಸಾಲ ಕೇಳುವುದು ಯಾರಲ್ಲಿ? ಹ್ಯಾರಿ ಈಗಲ್ ಎಂಬ ಅಮೆರಿಕದ ವಿಜ್ಞಾನಿ 1955ರಲ್ಲಿ ಇಲಿಯ ಮತ್ತು ಮನುಷ್ಯನ ಕೋಶಗಳ ಮೀಡಿಯಾದಿಂದ ಒಂದೊಂದೇ ಪದಾರ್ಥ ತೆಗೆದು, ಯಾವುದು ಇಲ್ಲವಾದಾಗ ಕೋಶ ಸಾಯುತ್ತದೆ ಎಂದು ನೋಡಿದರು. ಮನುಷ್ಯನಿಗೆ ಬೇಕೇಬೇಕು ಎನ್ನುತ್ತಿದ್ದ ಎಂಟರ ಜೊತೆಗೆ ಆರ್ಜಿನಿನ್, ಸಿಸ್ಟಿನ್, ಗ್ಲುಟಾಮಿನ್, ಹಿಸ್ಟಿಡಿನ್, ಟೈರೋಸಿನ್ ಸೇರಿ ಹದಿಮೂರಾಯಿತು. ಅವರೇ 1959ರಲ್ಲಿ ರೂಪಿಸಿದ ಎಂಇಎಂ ಆ ಪಟ್ಟಿಯ ಮೇಲೆಯೇ ನಿಂತಿದೆ. ಇಷ್ಟಿದ್ದರೆ ಬದುಕಬಹುದು ಎಂಬ ಕನಿಷ್ಠ ಲೆಕ್ಕ ಅದು, ಹಬ್ಬದೂಟವಲ್ಲ.

ಪ್ರಶ್ನೆ (ಔಷಧ ಅಂಗಡಿ ನಡೆಸುವವರು, ಉಡುಪಿ):
ಮೇಡಂ, ತಪ್ಪು ತಿಳಿಯಬೇಡಿ. ನೀವು ಹೇಳಿದ ಎಂಟು ವಿಟಮಿನ್ನುಗಳಲ್ಲಿ ಹೆಚ್ಚಿನವು ನಮ್ಮಲ್ಲಿ ಸಿಗುವ ಬಿ ಕಾಂಪ್ಲೆಕ್ಸ್ ಮಾತ್ರೆಯಲ್ಲೇ ಇವೆ. ಪುಡಿ ಮಾಡಿ ಕರಗಿಸಿ ಸೋಸಿದರೆ ಆಗದೇ?

ಉತ್ತರ:
ಆಗುವುದಿಲ್ಲ ಮಾರಾಯರೇ. ಮಾತ್ರೆಯಲ್ಲಿ ವಿಟಮಿನ್‌ಗಿಂತ ಹೆಚ್ಚಾಗಿ ಇರುವುದು ಪಿಷ್ಟ, ಟಾಲ್ಕ್, ಬಣ್ಣ, ಹೊರಕವಚ. 0.22 ಮೈಕ್ರಾನ್ ಫಿಲ್ಟರ್ ಬ್ಯಾಕ್ಟೀರಿಯಾ ತಡೆಯುತ್ತದೆ, ಸತ್ತ ಬ್ಯಾಕ್ಟೀರಿಯಾದಿಂದ ಕಳಚಿದ ಎಂಡೊಟಾಕ್ಸಿನ್ ಎಂಬ ವಿಷವನ್ನು ತಡೆಯುವುದಿಲ್ಲ. ನಮ್ಮ ಹೊಟ್ಟೆ ಅದನ್ನು ಅರಗಿಸಿಕೊಂಡೀತು, ಕೋಶಗಳಿಗೆ ಹೊಟ್ಟೆ ಎಲ್ಲಿದೆ? ಆದರೆ ಪ್ರಶ್ನೆ ತಪ್ಪಲ್ಲ. ನೀವು ಕೇಳಿದ್ದನ್ನು ಎಂ.ಎಸ್‌ಸಿ. ಹುಡುಗನೊಬ್ಬ ನನ್ನಲ್ಲಿ ಕೇಳದೆಯೇ ಮಾಡಿದ್ದ. ಮೀಡಿಯಾ ತಿಳಿಹಳದಿಯಾದಾಗ ನನಗೆ ಗೊತ್ತಾಯಿತು.

ಪ್ರಶ್ನೆ (ಮೀನುಗಾರಿಕೆ ವಿಷಯದ ಸ್ನಾತಕೋತ್ತರ ವಿದ್ಯಾರ್ಥಿ, ಮಂಗಳೂರು):
ಹಳದಿ ಎಂದದ್ದರಿಂದ ಕೇಳುತ್ತೇನೆ. ಮೀನಿನ ಕೋಶಗಳನ್ನು ಎಲ್-15 ಮೀಡಿಯಾದಲ್ಲಿ ಇಟ್ಟಿದ್ದೇನೆ. ಒಂದೇ ರಾತ್ರಿಗೆ ಹಳದಿಯಾಗುತ್ತದೆ. ಸೋಂಕು ಕಾಣುವುದಿಲ್ಲ. ಅಮೈನೋ ಆಮ್ಲ ಕಡಿಮೆಯಾಗಿದೆಯೇ?

ಉತ್ತರ:
ಫ್ಲಾಸ್ಕನ್ನು ಕಾರ್ಬನ್ ಡೈಆಕ್ಸೈಡ್ ಇರುವ ಇನ್‌ಕ್ಯುಬೇಟರ್‌ನಲ್ಲಿ ಇಟ್ಟಿದ್ದೀರಿ, ಅಲ್ಲವೇ? ಎಲ್-15ರಲ್ಲಿ ಆ ಅನಿಲದ ಆಮ್ಲವನ್ನು ಸರಿದೂಗಿಸುವ ಬೈಕಾರ್ಬನೇಟ್ ಇಲ್ಲ, ಅದಕ್ಕೇ ಆಮ್ಲ ಹೆಚ್ಚಿ ಹಳದಿಯಾಗುತ್ತದೆ. ಪಿಎಚ್ ಕಾಯುವ ಕೆಲಸವನ್ನು ಅಲ್ಲಿ ಅಮೈನೋ ಆಮ್ಲಗಳೇ, ಮುಖ್ಯವಾಗಿ ಆರ್ಜಿನಿನ್‌ನಂಥ ಕ್ಷಾರ ಗುಣದವು, ಫಾಸ್ಫೇಟ್ ಜೊತೆ ಸೇರಿ ಮಾಡುತ್ತವೆ. ಕಡಿಮೆಯ ಮಾತಿರಲಿ, ಅವನ್ನು ಅದರಲ್ಲಿ ಧಾರಾಳವಾಗಿಯೇ ಹಾಕಿರುತ್ತಾರೆ. ಗ್ಲೂಕೋಸ್ ಬದಲು ಗ್ಯಾಲಕ್ಟೋಸ್ ಇರುವುದು ಆಮ್ಲ ಕಡಿಮೆ ಹುಟ್ಟಲಿ ಎಂದು. ಸಾಮಾನ್ಯ ಗಾಳಿಯಲ್ಲಿ, ಮುಚ್ಚಳ ಬಿಗಿಯಾಗಿ ತಿರುಗಿಸಿ ಇಡಿ. ನಮ್ಮ ಕಡೆಯ ಬೆಚ್ಚನೆಯ ನೀರಿನ ಮೀನುಗಳ ಕೋಶವಾದರೆ 28 ಡಿಗ್ರಿ ಆಸುಪಾಸು ಸಾಕು.

ವಿದ್ಯಾರ್ಥಿ:
ಹೌದು, ಅಲ್ಲೇ ಇಟ್ಟಿದ್ದೆ. ಇಡೀ ಬ್ಯಾಚ್ ಹಾಗೆಯೇ ಇಡುತ್ತದೆ.

ಪ್ರಶ್ನೆ (ಪ್ರಯೋಗಾಲಯ ಸಹಾಯಕ, ಮಣಿಪಾಲ):
ದಾಸ್ತಾನಿನ ಬಗ್ಗೆಯೂ ಹೇಳಿ ಮೇಡಂ. ಮಳೆಗಾಲದಲ್ಲಿ ಕರೆಂಟು ಹೋಗಿ ಫ್ರೀಜರ್ ಕರಗುತ್ತದೆ. ಗ್ಲುಟಾಮಿನ್ ಬಾಟಲಿಯ ತಳದಲ್ಲಿ ಬಿಳಿ ಹರಳು ಕಾಣಿಸಿಕೊಂಡಿದೆ.

ಉತ್ತರ:
ಹರಳು ಕಂಡರೆ ಹೆದರಬೇಡಿ, ಆದರೆ ಮೇಲಿನ ನೀರನ್ನು ಮಾತ್ರ ಹೀರಿ ಬಳಸಬೇಡಿ. 200 ಮಿಲಿಮೋಲಾರ್ ದ್ರಾವಣದಿಂದ ಹರಳು ಕೆಳಗಿಳಿದರೆ ಮೇಲಿನದು ಅಷ್ಟು ತೆಳುವಾಗಿರುತ್ತದೆ. ಕೈ ಬಿಸಿಗೆ ಅಲುಗಾಡಿಸಿ ಪೂರ್ತಿ ಕರಗಿಸಿ, 5 ಮಿಲಿಲೀಟರ್‌ನ ಚಿಕ್ಕ ಟ್ಯೂಬುಗಳಿಗೆ ಹಂಚಿ ಮತ್ತೆ ಫ್ರೀಜರ್‌ಗೆ ಇಡಿ. ತೆಗೆದ ಟ್ಯೂಬನ್ನು ಮತ್ತೆ ಒಳಗಿಡಬಾರದು. ಕರೆಂಟಿನ ಕಾಟ ತೀರದಿದ್ದರೆ ಅಲನಿಲ್-ಗ್ಲುಟಾಮಿನ್ ತರಿಸಿ. ಎರಡು ಅಮೈನೋ ಆಮ್ಲ ಕೈ ಹಿಡಿದುಕೊಂಡಿರುವುದರಿಂದ ಅದು ತಾನಾಗಿ ಒಡೆಯುವುದು ಬಹಳ ಕಡಿಮೆ. ಕೋಶಗಳೇ ಬೇಕಾದಾಗ ಕತ್ತರಿಸಿಕೊಳ್ಳುತ್ತವೆ. ಬೆಲೆ ಹೆಚ್ಚು.

ಬೆಳಕಿನ ವಿಷಯದಲ್ಲಿ ನನಗೆ ಬಿದ್ದ ಪೆಟ್ಟು ಹೇಳುತ್ತೇನೆ. ಒಂದು ವರ್ಷ ಕೋಲ್ಡ್ ರೂಮಿನ ಸ್ವಿಚ್ ಕೆಟ್ಟು ಟ್ಯೂಬ್‌ಲೈಟ್ ಎರಡು ವಾರ ಹಗಲೂ ರಾತ್ರಿ ಉರಿಯಿತು. ಮೇಲಿನ ಹಲಗೆಯ ಬಾಟಲಿಗಳಿಂದ ಮೀಡಿಯಾ ಕೊಟ್ಟ ಕೋಶಗಳು ಎರಡೇ ದಿನದಲ್ಲಿ ಉದುರಿ, ಗಂಜಿಯ ತೆಳಿಯಲ್ಲಿ ಅಗುಳು ತೇಲುವ ಹಾಗೆ ತೇಲಿದವು. ರಟ್ಟಿನ ಪೆಟ್ಟಿಗೆಯೊಳಗಿದ್ದ ಅದೇ ಬ್ಯಾಚಿನ ಬಾಟಲಿಯಲ್ಲಿ ಬೆಳೆದವು ಏನೂ ಆಗದೆ ಕುಳಿತಿದ್ದವು. ನಾವು ಸೀರಮ್ ಬದಲಿಸಿದೆವು, ಇನ್‌ಕ್ಯುಬೇಟರ್ ತೊಳೆದೆವು. ಟ್ಯೂಬ್‌ಲೈಟಿನತ್ತ ತಲೆಯೆತ್ತಿ ನೋಡಿದ್ದು ಕೊನೆಗೆ. ರೈಬೋಫ್ಲೇವಿನ್ ಬೆಳಕು ಹೀರಿ ಟ್ರಿಪ್ಟೋಫ್ಯಾನ್, ಟೈರೋಸಿನ್ ಜೊತೆ ಸೇರಿದರೆ ಹೈಡ್ರೋಜನ್ ಪೆರಾಕ್ಸೈಡ್ ಹುಟ್ಟುತ್ತದೆ. ಪೋಷಿಸಲು ಹಾಕಿದ ವಿಟಮಿನ್ನೇ ಕೊಲ್ಲಲು ನಿಲ್ಲುತ್ತದೆ. ಬಾಟಲಿಗೆ ಅಲ್ಯುಮಿನಿಯಂ ಹಾಳೆ ಸುತ್ತಿ.

ವಿದ್ಯಾರ್ಥಿನಿ (ಮೂರು ವಾರಗಳ ನಂತರ):
ಮೇಡಂ, ಹೊಸ ಎಂಇಎಂ ಬಂತು. ಇದರಲ್ಲಿ ಗ್ಲುಟಾಮಿನ್ ಇಲ್ಲ. 500 ಮಿಲಿಲೀಟರ್ ಬಾಟಲಿಗೆ 50 ಸೀರಮ್, 5 ಗ್ಲುಟಾಮಿನ್, 5 ನಾನ್ ಎಸೆನ್ಶಿಯಲ್ ಹಾಕಿ 50ರ ಟ್ಯೂಬುಗಳಿಗೆ ಹಂಚಿದೆ. ನಾನ್ ಎಸೆನ್ಶಿಯಲ್ ಇಲ್ಲದೆಯೂ ಒಂದು ಫ್ಲಾಸ್ಕ್ ಇಟ್ಟಿದ್ದೆ. ಎರಡೂ ಚೆನ್ನಾಗಿ ಬೆಳೆಯುತ್ತಿವೆ, ನೋಡಿದರೆ ವ್ಯತ್ಯಾಸ ಕಾಣುವುದಿಲ್ಲ.

ಉತ್ತರ:
ಸಂತೋಷ. 500ಕ್ಕೆ 60 ಸೇರಿಸಿದರೆ ಒಟ್ಟು 560 ಆಗುತ್ತದೆ, ಎಲ್ಲವೂ ಅಷ್ಟಷ್ಟು ತೆಳುವಾಗುತ್ತದೆ. ಮುಂದಿನ ಸಲ 440 ಎಂಇಎಂ ತೆಗೆದುಕೊಂಡು ಒಟ್ಟು 500 ಮಾಡಿ. ವ್ಯತ್ಯಾಸವನ್ನು ಕಣ್ಣಳತೆಯಲ್ಲಿ ಹೇಳಬೇಡಿ. ಹೆಪ್‌ಜಿ2 ಗುಂಪು ಕಟ್ಟಿಕೊಂಡು ಬೆಳೆಯುವುದರಿಂದ ಕಣ್ಣು ಮೋಸಹೋಗುತ್ತದೆ. ಟ್ರಿಪ್ಸಿನ್ ಹಾಕಿ ಬಿಡಿಬಿಡಿಯಾಗಿಸಿ ಎಣಿಸಿ. ಮೈಕೋಪ್ಲಾಸ್ಮಾ (ಕೋಶ ಕೃಷಿಗೆ ಸದ್ದಿಲ್ಲದೆ ಸೇರಿಕೊಳ್ಳುವ ಬಹಳ ಸಣ್ಣ ಬ್ಯಾಕ್ಟೀರಿಯಾ) ಪರೀಕ್ಷೆಯನ್ನೂ ಬಿಡಬೇಡಿ. ಕೆಲವು ಜಾತಿಯವು ಮೀಡಿಯಾವನ್ನು ಕದಡದೆ ಆರ್ಜಿನಿನ್ ತಿಂದು ಮುಗಿಸುತ್ತವೆ. ಅವು ಒಳಗಿದ್ದರೆ ನೀವು ಹಾಕುವ ಅಮೈನೋ ಆಮ್ಲ ಕಳ್ಳನಿಗೆ ಬಡಿಸಿದ ಹಾಗೆ. ಅಂದಹಾಗೆ, ಹಳೆಯ ಬಾಟಲಿ ಚೆಲ್ಲಿದಿರಿ ತಾನೇ?

ವಿದ್ಯಾರ್ಥಿನಿ:
ಚೆಲ್ಲಿದೆ ಮೇಡಂ. ಗೈಡ್ ಸರ್ ಲ್ಯಾಬಿನಲ್ಲಿ ಇಲ್ಲದ ಹೊತ್ತು ನೋಡಿ.