ರೇಡಿಯೋದಲ್ಲಿ ಜನಪದ ಹಾಡಿನ ಕಾರ್ಯಕ್ರಮ: ಮಾಡಿದವರು ಅನುಭವ ಹೇಳಿ

ಬ್ಯಾಂಕ್ ಕೆಲಸ ಮುಗಿದು ನಾಲ್ಕು ತಿಂಗಳಾಯ್ತು. ಉಡುಪಿ ಕಡೆಯವನು. ವಾರಕ್ಕೆ ಅರ್ಧ ಗಂಟೆ ಪಾಡ್ದನ (ತುಳುವಿನ ಕಥನ ಹಾಡು), ಕಬಿತ (ತುಳುವಿನ ಗದ್ದೆ ಕೆಲಸದ ಹಾಡು), ಕುಂದಾಪ್ರ ಕನ್ನಡದ ಹಾಡು ಇಟ್ಟುಕೊಂಡು ಸಮುದಾಯ ರೇಡಿಯೋದಲ್ಲಿ ಕಾರ್ಯಕ್ರಮ ಮಾಡುವ ಆಸೆ. ಧ್ವನಿ ಚೆನ್ನಾಗಿರಬೇಕಾ? ಎಲ್ಲಿಂದ ಶುರು ಮಾಡಲಿ?

ನಿವೃತ್ತ ಟೀಚರ್, ಬ್ರಹ್ಮಾವರ

ಧ್ವನಿಯ ಚಿಂತೆ ಬಿಡಿ. ನನ್ನದು ಮೂವತ್ತು ವರ್ಷ ಮಕ್ಕಳ ಮೇಲೆ ಕೂಗಿ ಕೂಗಿ ಒಡೆದ ಗಂಟಲು. 1976ರಲ್ಲಿ ಮಂಗಳೂರು ಆಕಾಶವಾಣಿ ಶುರುವಾದಾಗಿನಿಂದ ಕೇಳಿದವಳು ಅನ್ನೋದು ಬಿಟ್ಟರೆ ಬೇರೆ ಯಾವ ಅರ್ಹತೆಯೂ ಇರಲಿಲ್ಲ.

ನಾನು ಮಾಡಿದ ದೊಡ್ಡ ತಪ್ಪು ಹೇಳ್ತೇನೆ. ಮೊದಲ ಕಂತಿಗೆ, ನೇಜಿ (ಭತ್ತದ ಸಸಿ) ನೆಡುವಾಗ ಹಾಡುತ್ತಿದ್ದ ಒಬ್ಬ ಅಮ್ಮನನ್ನು ಸ್ಟುಡಿಯೋಗೇ ಕರೆಸಿದೆ. ಎಪ್ಪತ್ತು ದಾಟಿದವರು. ಒಳಗೆ ಏಸಿ, ಗಾಜಿನ ಆಚೆಯಿಂದ ಹುಡುಗ ಬೆರಳೆತ್ತಿ ಶುರು ಮಾಡಿ ಅಂತಾನೆ, ಇವರಿಗೆ ಒಂದು ಸಾಲೂ ನೆನಪಾಗಲಿಲ್ಲ. ಪಾಪ, ಸೆರಗು ಹಿಂಡುತ್ತಾ "ಹಿಂದೆ ಹೇಳುವವರು ಇಲ್ಲದೆ ಹೇಗೆ ಹಾಡುವುದು" ಅಂದರು. ಪೂರಾ ಬೆಳಗ್ಗೆ ಹಾಳು.

ಮುಂದಿನ ವಾರ ಅವರ ಮನೆಗೇ ಹೋದೆ. ಜಗಲಿಯಲ್ಲಿ ಬೀಡಿ ಕಟ್ಟುತ್ತಿದ್ದರು, ಜೊತೆಗೆ ನಾದಿನಿ, ಪಕ್ಕದ ಮನೆಯವರು. ಮೊಬೈಲನ್ನು ಎಲೆಯ ತಡ್ಪೆಯ (ಮೊರದ) ಹತ್ತಿರ ಇಟ್ಟು ಸುಮ್ನೆ ಕೂತೆ. ಕೈ ಓಡತೊಡಗಿದ ಮೇಲೆ ಹಾಡು ತಾನಾಗಿ ಬಂತು. ಒಬ್ಬರು ಎತ್ತುತ್ತಾರೆ, ಇಬ್ಬರು ಹಿಂದೆ ಹೇಳುತ್ತಾರೆ, ನಡುವೆ ಕತ್ತರಿಯ ಕಿರ್ ಕಿರ್. ಒಂದು ಕಡೆ ಸಾಲು ತಪ್ಪಿ "ಅಯ್ಯೋ ಅದಲ್ಲ ಮಾರಾಯ್ತಿ" ಅಂತ ನಾದಿನಿ ಬೈದದ್ದೂ ಇದೆ. ನಾನು ಅದನ್ನು ಕತ್ತರಿಸಲಿಲ್ಲ. ಪ್ರಸಾರವಾದ ಮೇಲೆ ಜನ ಫೋನ್ ಮಾಡಿ ಮಾತಾಡಿದ್ದು ಹಾಡಿಗಿಂತ ಜಾಸ್ತಿ ಆ ಬೈಗುಳದ ಬಗ್ಗೆ!

ಎಲ್ಲಿಂದ ಶುರು ಅಂದರೆ, ನಿಮ್ಮ ಕಡೆ ರೇಡಿಯೋ ಮಣಿಪಾಲ್ 90.4 ಇದೆ, ಮಂಗಳೂರಲ್ಲಿ ರೇಡಿಯೋ ಸಾರಂಗ್ 107.8. ಸಮುದಾಯ ರೇಡಿಯೋದಲ್ಲಿ ಅರ್ಧದಷ್ಟಾದರೂ ಕಾರ್ಯಕ್ರಮ ಸ್ಥಳೀಯವಾಗಿ ತಯಾರಾಗಬೇಕು ಅಂತ ನಿಯಮವೇ ಇದೆ, ಹಾಗಾಗಿ ಹೋಗಿ ಕೇಳಲು ಸಂಕೋಚ ಬೇಡ. ಹತ್ತು ಹದಿನೈದು ಕಿಲೋಮೀಟರ್ ಆಚೆ ಸರಿಯಾಗಿ ಕೇಳಿಸುವುದಿಲ್ಲ ಅನ್ನೋದು ಗೊತ್ತಿರಲಿ. ಬೈಂದೂರಿನ ನನ್ನ ತಂಗಿ ಇವತ್ತಿಗೂ ದೂರುತ್ತಾಳೆ.

ರೆಕಾರ್ಡಿಂಗ್ ಹುಚ್ಚಿನವನು, ಸುರತ್ಕಲ್

ಟೀಚರ್ ಹೇಳಿದ್ದು ನೂರಕ್ಕೆ ನೂರು ಸರಿ. ಆದರೆ ಮನೆಗೆ ಹೋಗುವವರು ಜೂನ್‌ನಲ್ಲಿ ಹೋಗಬೇಡಿ. ತಗಡಿನ ಮಾಡಿನ ಮೇಲೆ ಮಳೆ ಬಿದ್ದರೆ ಮುಗೀತು. ಫ್ಯಾನ್ ಆಫ್ ಮಾಡಿಸಿ, ಫೋನ್ ಏರೋಪ್ಲೇನ್ ಮೋಡ್‌ಗೆ ಹಾಕಿ. ವೇವ್ ಫೈಲಾಗಿ ಉಳಿಸಿ, ಎಂಪಿ3 ಬೇಡ. ಎರಡು ಕಡೆ ಕಾಪಿ ಇಡಿ. ನನ್ನ ಹಾರ್ಡ್ ಡಿಸ್ಕ್ ಕೆಟ್ಟು ಎರಡು ಗುಮಟೆ (ಮಣ್ಣಿನ ಮಡಕೆಯ ವಾದ್ಯ) ಹಾಡಿನ ರೆಕಾರ್ಡಿಂಗ್ ಹೋಯ್ತು, ಹಾಡಿದವರಲ್ಲಿ ಒಬ್ಬರು ಈಗ ಇಲ್ಲ.

ಇನ್ನೊಂದು, ಹಳೆ ಕ್ಯಾಸೆಟ್ ಸಿಕ್ಕಿತು ಅಂತ ಹಾಕಿಬಿಡಬೇಡಿ. ಜನಪದ ಹಾಡಿಗೆ ಮಾಲೀಕರಿಲ್ಲ, ಕ್ಯಾಸೆಟ್‌ಗೆ ಇದ್ದಾರೆ. ಧ್ವನಿಮುದ್ರಣದ ಹಕ್ಕು 60 ವರ್ಷ ಇರುತ್ತದೆ. ಹಾಡುವವರ ಒಪ್ಪಿಗೆಯನ್ನೂ ರೆಕಾರ್ಡಿಂಗಿನ ಶುರುವಿಗೇ ಅವರ ಬಾಯಲ್ಲೇ ಹೇಳಿಸಿಟ್ಟುಕೊಳ್ಳಿ.

ಮಂಗಳೂರು, ಕದ್ರಿ

ಅರ್ಧ ಗಂಟೆಗೆ ಪಾಡ್ದನ ಹಿಡಿಸ್ತೀರಾ? ಗೋಪಾಲ ನಾಯ್ಕರು ಹಾಡಿದ, ಸಿರಿ ಎಂಬ ಹೆಣ್ಣಿನ ಕಥೆಯ ಪಾಡ್ದನವನ್ನು ಫಿನ್‌ಲೆಂಡಿನ ವಿದ್ವಾಂಸ ಲೌರಿ ಹೊಂಕೊ 1998ರಲ್ಲಿ ಪುಸ್ತಕ ಮಾಡಿದಾಗ 15,683 ಸಾಲು ಆಯ್ತು! ಒಂದು ಸಂದರ್ಭ ಮಾತ್ರ ಎತ್ತಿಕೊಳ್ಳಿ, ಹಿಂದಿನ ಕಥೆ ಎರಡು ಮಾತಲ್ಲಿ ಹೇಳಿ. ಉಡುಪಿಯಲ್ಲೇ ಇದ್ದೀರಲ್ವಾ, ಎಂಜಿಎಂ ಕಾಲೇಜಿನ ಜಾನಪದ ಕೇಂದ್ರಕ್ಕೆ ಒಮ್ಮೆ ಹೋಗಿ ಬನ್ನಿ. ದೈವದ ಪಾಡ್ದನ ಆದರೆ ಪ್ರಸಾರ ಮಾಡಬಹುದಾ ಅಂತ ಹಾಡುವವರನ್ನೇ ಕೇಳಿ. ಬೇಡ ಅಂದರೆ ಬೇಡ, ವಾದ ಮಾಡಬೇಡಿ.

ಮತ್ತೆ ಹಾಡಿದವರಿಗೆ ಪ್ರಸಾರದ ದಿನ, ಹೊತ್ತು ಚೀಟಿಯಲ್ಲಿ ಬರೆದು ಕೊಡಿ. ನಾನು ಒಮ್ಮೆ ಮರೆತೆ. ಅವರು ಎರಡು ವಾರ ಸಂಜೆಯೆಲ್ಲ ರೇಡಿಯೋ ಹಚ್ಚಿ ಕಾದಿದ್ದರಂತೆ.