ಉತ್ತರ ಸೈಪ್ರಸ್ ಅಡ್ರೆಸ್‌ನಲ್ಲಿ "ಮೆರ್ಸಿನ್ 10, ಟರ್ಕಿ" ಅಂತ ಯಾಕಿರುತ್ತೆ?

ನಕಾಶೆಪ್ರಿಯ:
ಎಲ್ರಿಗೂ ನಮಸ್ಕಾರ. ನನ್ನ ಫ್ರೆಂಡ್ ತಮ್ಮನಿಗೆ ಸೈಪ್ರಸ್‌ನಲ್ಲಿ ಓದೋಕೆ ಸೀಟ್ ಸಿಕ್ಕಿದೆ. ಅಡ್ಮಿಶನ್ ಲೆಟರ್ ನೋಡಿದ್ರೆ ಅಡ್ರೆಸ್ ಕೊನೇಲಿ ಮೆರ್ಸಿನ್ 10, ಟರ್ಕಿ ಅಂತಿದೆ, ಮ್ಯಾಪ್‌ನಲ್ಲಿ ಹುಡುಕಿದ್ರೆ ಮೆರ್ಸಿನ್ ಇರೋದು ಸಮುದ್ರದ ಆಚೆ ದಡದಲ್ಲಿ. ಸೈಪ್ರಸ್ ಅಂದ್ರೆ ಯುರೋಪಿಯನ್ ಯೂನಿಯನ್, ಯೂರೋ ನಡೆಯುತ್ತೆ ಅಂದ್ಕೊಂಡಿದ್ವಿ, ಇಲ್ಲಿ ನೋಡಿದ್ರೆ ಲೀರಾ ಅಂತಾರೆ. ಇದು ಬೇರೆ ದೇಶನಾ? ಗೊತ್ತಿರೋರು ಸ್ವಲ್ಪ ಬಿಡಿಸಿ ಹೇಳಿ.

ಹಳೇ ಓದುಗ:
ಬೇರೆ ದೇಶ ಅಂತ ಉತ್ತರ ಸೈಪ್ರಸ್‌ನವ್ರು ಹೇಳ್ಕೊಳ್ತಾರೆ, ಟರ್ಕಿ ಒಂದನ್ನ ಬಿಟ್ರೆ ಯಾರೂ ಒಪ್ಪಿಲ್ಲ. 1983 ನವೆಂಬರ್ 15ಕ್ಕೆ ಅಲ್ಲಿನ ಟರ್ಕಿಶ್ ಜನರ ನಾಯಕ ರೌಫ್ ಡೆಂಕ್ಟಾಶ್ ಸ್ವತಂತ್ರ ಗಣರಾಜ್ಯ ಅಂತ ಘೋಷಣೆ ಮಾಡಿದ್ರು, ಮೂರೇ ದಿನಕ್ಕೆ ವಿಶ್ವಸಂಸ್ಥೆ ಭದ್ರತಾ ಮಂಡಳಿ 541ನೇ ನಿರ್ಣಯ ಮಾಡಿ ಇದು ಕಾನೂನಿಗೆ ಊರ್ಜಿತ ಅಲ್ಲ ಅಂತು. ಮಾನ್ಯತೆ ಇಲ್ದೇ ಇರೋ ದೇಶಕ್ಕೆ ಅಂತಾರಾಷ್ಟ್ರೀಯ ಅಂಚೇಲಿ ಜಾಗ ಇಲ್ಲ, ಅದಕ್ಕೇ ಕಾಗದ ಪತ್ರ ಎಲ್ಲ ಮೆರ್ಸಿನ್ ಹೆಸರಲ್ಲಿ ಹೋಗುತ್ತೆ. ಫೋನ್ ಕೋಡ್ ಕೂಡ ಟರ್ಕಿದೇ, 90. ಉತ್ತರದಲ್ಲಿರೋ ಎರ್ಜಾನ್ ಏರ್‌ಪೋರ್ಟ್‌ಗೂ ಟರ್ಕಿ ಮೂಲಕವೇ ಹೋಗ್ಬೇಕು.

ಇದಕ್ಕೆಲ್ಲ ಮೂಲ 1974. ಜುಲೈ 15ಕ್ಕೆ ಗ್ರೀಸ್‌ನ ಮಿಲಿಟರಿ ಸರ್ಕಾರ ದಂಗೆ ಮಾಡಿಸಿ ಅಧ್ಯಕ್ಷ ಮಕಾರಿಯೋಸ್‌ನ ಇಳಿಸ್ತು, 20ಕ್ಕೆ ಟರ್ಕಿ ಸೇನೆ ಉತ್ತರ ಕರಾವಳಿಯ ಕಿರೀನಿಯಾ ಹತ್ರ ಬಂದಿಳೀತು, ಆಗಸ್ಟ್‌ನ ಎರಡನೇ ದಾಳಿ ಮುಗಿಯೋ ಹೊತ್ತಿಗೆ ದ್ವೀಪದ ಮೂರನೇ ಒಂದು ಭಾಗಕ್ಕಿಂತ ಜಾಸ್ತಿ ಅವ್ರ ಕೈಲಿತ್ತು. ಒಂದೂವರೆ ಲಕ್ಷಕ್ಕೂ ಜಾಸ್ತಿ ಗ್ರೀಕ್ ಸೈಪ್ರಿಯಟ್ಟರು (ದ್ವೀಪದ ಗ್ರೀಕ್ ಭಾಷೆಯ ಜನ) ಮನೆಮಠ ಬಿಟ್ಟು ದಕ್ಷಿಣಕ್ಕೆ ಬಂದ್ರು.

ಕಡಲಹಕ್ಕಿ:
74ರಿಂದ ಶುರು ಮಾಡಿದ್ರೆ ಅರ್ಧ ಕತೆ ಆಗುತ್ತೆ ಸಾರ್, ಉತ್ತರದವ್ರಿಗೂ ಅನ್ಯಾಯ ಆಗುತ್ತೆ. 1960ರಲ್ಲಿ ಸ್ವಾತಂತ್ರ್ಯ ಬಂದಾಗ ಅಧ್ಯಕ್ಷ ಗ್ರೀಕ್, ಉಪಾಧ್ಯಕ್ಷ ಟರ್ಕಿಶ್, ಸರ್ಕಾರಿ ನೌಕರಿ 70-30 ಅಂತ ಸಂವಿಧಾನದಲ್ಲೇ ಇತ್ತು, ಮೂರು ವರ್ಷಕ್ಕೇ ಮಕಾರಿಯೋಸ್ ಅದಕ್ಕೆ 13 ತಿದ್ದುಪಡಿ ತರೋಕೆ ಹೋದ್ರು, 1963ರ ಡಿಸೆಂಬರ್‌ನಲ್ಲಿ ಹೊಡೆದಾಟ ಶುರುವಾಗಿ ಬ್ರಿಟಿಷ್ ಜನರಲ್ ಒಬ್ರು ರಾಜಧಾನಿ ನಿಕೋಸಿಯಾ ಮ್ಯಾಪ್ ಮೇಲೆ ಹಸಿರು ಪೆನ್ಸಿಲ್‌ನಲ್ಲಿ ಗೆರೆ ಎಳೆದ್ರು, ಈಗ ಉತ್ತರ ದಕ್ಷಿಣ ಬೇರೆ ಮಾಡೋ ಗ್ರೀನ್ ಲೈನ್ ಅನ್ನೋ ಹೆಸರು ಅಲ್ಲಿಂದ್ಲೇ ಬಂದಿದ್ದು. ಆಮೇಲೆ ಎಷ್ಟೋ ವರ್ಷ ಟರ್ಕಿಶ್ ಸೈಪ್ರಿಯಟ್ಟರು ಸಣ್ಣ ಸಣ್ಣ ಕೇರಿಗಳಲ್ಲಿ ದಿಗ್ಬಂಧನದ ಹಾಗೆ ಬದುಕಿದಾರೆ, ಅದನ್ನ ಯಾರೂ ಹೇಳಲ್ಲ.

ಆಗ ಅಲ್ಲಿನ ವಿಶ್ವಸಂಸ್ಥೆ ಪಡೆಗೆ ಕಮಾಂಡರ್ ಆಗಿದ್ದವ್ರು ನಮ್ಮ ಕೊಡಗಿನ ಜನರಲ್ ತಿಮ್ಮಯ್ಯ. 1965 ಡಿಸೆಂಬರ್‌ನಲ್ಲಿ ಅಲ್ಲೇ ತೀರಿಕೊಂಡ್ರು. ಸೈಪ್ರಸ್ ಅವ್ರ ಅಂಚೆಚೀಟಿ ತಂದಿದೆ, ಲಾರ್ನಾಕಾದಲ್ಲಿ ಅವ್ರ ಹೆಸರಿನ ರಸ್ತೆ ಇದೆ.

ನಕಾಶೆಪ್ರಿಯ:
ತಿಮ್ಮಯ್ಯನವ್ರ ವಿಷ್ಯ ಗೊತ್ತೇ ಇರ್ಲಿಲ್ಲ, ಓದಿ ಮೈ ಜುಂ ಅಂತು. ಈಗ ಆ ಕಡೆ ಈ ಕಡೆ ಓಡಾಡೋಕೆ ಬಿಡ್ತಾರಾ?

ಕಡಲಹಕ್ಕಿ:
2003 ಏಪ್ರಿಲ್‌ನಿಂದ ಬಿಡ್ತಾರೆ. 2008ರಲ್ಲಿ ನಿಕೋಸಿಯಾದ ಲೆಡ್ರಾ ಬೀದೀನೂ ತೆರೆದ್ರು, ಅಂಗಡಿ ಸಾಲಿನ ನಡುವೆ ನಡ್ಕೊಂಡು ಹೋಗಿ ಪಾಸ್‌ಪೋರ್ಟ್ ತೋರಿಸಿ ದಾಟೋದು. ನಂಗೆ ಇಷ್ಟ ಆಗೋ ವಿಷ್ಯ ಅಂದ್ರೆ ಒಳಚರಂಡಿ. ಊರು ಎರಡಾದ್ರೂ ಕೊಳಚೆ ನೀರು ಇಳಿಜಾರು ನೋಡ್ಕೊಂಡೇ ಹರಿಯುತ್ತೆ ಅಲ್ವಾ, ಅದಕ್ಕೆ 70ರ ದಶಕದ ಕೊನೇಲಿ ಎರಡೂ ಕಡೆ ಮೇಯರ್‌ಗಳು, ಲೆಲ್ಲೋಸ್ ದಿಮಿತ್ರಿಯಾದಿಸ್ ಮತ್ತೆ ಮುಸ್ತಫಾ ಅಕಿಂಜಿ, ಕೂತು ಮಾತಾಡಿ ಒಂದೇ ವ್ಯವಸ್ಥೆ ಮಾಡಿದ್ರು. ದಕ್ಷಿಣದ ಮನೆಗಳ ನೀರೂ ಉತ್ತರದ ಪ್ಲಾಂಟ್‌ಗೇ ಹೋಗಿ ಶುದ್ಧ ಆಗುತ್ತೆ.

ಹಳೇ ಓದುಗ:
ಅದು ನಿಜ. ಆದ್ರೆ 2004ರಲ್ಲಿ ಎರಡೂ ಕಡೆ ಒಂದಾಗೋ, ವಿಶ್ವಸಂಸ್ಥೆ ಮುಖ್ಯಸ್ಥ ಕೋಫಿ ಅನ್ನಾನ್ ಮುಂದಿಟ್ಟ ಯೋಜನೆಗೆ ಉತ್ತರದಲ್ಲಿ ಸುಮಾರು 65% ಹೂಂ ಅಂದ್ರು, ದಕ್ಷಿಣದಲ್ಲಿ 76% ಬೇಡ ಅಂದ್ರು, ಅಲ್ಲಿಗೆ ನಿಂತೋಯ್ತು.

ನಕಾಶೆಪ್ರಿಯ ಅವ್ರೇ, ಹುಡುಗನ ಮನೆಯವ್ರಿಗೆ ಒಂದು ಮಾತು ಖಂಡಿತ ಹೇಳಿ. ಎರ್ಜಾನ್‌ನಲ್ಲಿ ಇಳಿದ್ರೆ ದಕ್ಷಿಣದ ಸರ್ಕಾರದ ಲೆಕ್ಕದಲ್ಲಿ ಅದು ಅಕ್ರಮ ಪ್ರವೇಶ, ಗೆರೆ ದಾಟೋಕೆ ಬಿಡದೇ ಇರಬಹುದು. ಭಾರತದ ಹೈಕಮಿಷನ್ ಇರೋದು ಗೆರೆಯ ದಕ್ಷಿಣಕ್ಕೆ.