ನಾಟಕಕ್ಕೂ ಕಾಲೇಜು ಪತ್ರಿಕೆಗೂ ದುಡ್ಡು ಹೊಂದಿಸುವುದು: ನಮ್ಮ ಕಡೆಯ ಅನುಭವ

ಸಾಗರದ ತಂಗಿಯೊಬ್ಬಳು ಕೇಳಿದ್ದಾಳೆ. ಊರಿನ ಹವ್ಯಾಸಿ ತಂಡ ಕಳೆದ ನಾಟಕದ ಲೈಟಿನವರಿಗೆ ಇನ್ನೂ ಬಾಕಿ ಕೊಡಬೇಕಂತೆ, ಹೊಸ ನಾಟಕ ಎತ್ತಿಕೊಳ್ಳಲು ಯಾರಿಗೂ ಧೈರ್ಯವಿಲ್ಲ. ಇತ್ತ ಕಾಲೇಜಿನ ಗೆಳೆಯರು ಸೇರಿ ಶುರು ಮಾಡಿದ ಮಾಸಪತ್ರಿಕೆ ಪ್ರೆಸ್ಸಿನ ಬಿಲ್ಲು ಕಟ್ಟಲಾಗದೆ ನಿಂತುಹೋಗಿದೆ. ದೊಡ್ಡ ದಾನಿ ಯಾರನ್ನಾದರೂ ಹಿಡಿಯಬೇಕಾ ಅಂತ ಅವಳ ಪ್ರಶ್ನೆ.

ನನ್ನ ಕೇಳಿದರೆ ಬೇಡ. ತೀರ್ಥಹಳ್ಳಿ ಕಡೆ ಒಂದು ತಂಡದ ಲೆಕ್ಕಪತ್ರ ನಾನು ನೋಡಿಕೊಳ್ಳುತ್ತೇನೆ. ಒಬ್ಬರನ್ನೇ ನಂಬಿಕೊಂಡ ತಂಡಗಳು ಅವರು ಕೈಬಿಟ್ಟ ವರ್ಷವೇ ಮುಚ್ಚಿದ್ದನ್ನು ಕಣ್ಣಾರೆ ಕಂಡಿದ್ದೇನೆ. ನೂರು, ಇನ್ನೂರು ಕೊಡುವ ಜನ ಜಾಸ್ತಿ ಬೇಕು. ಆ ದುಡ್ಡು ನಾಟಕದ ದಿನಕ್ಕೆ ಮೊದಲೇ ಕೈಗೆ ಬಂದಿರಬೇಕು.

ಮೊದಲು ಬಾಕಿ ತೀರಿಸಿ. ಪೂರ್ತಿ ಆಗದಿದ್ದರೆ ಅರ್ಧ ಕೊಟ್ಟು, ಉಳಿದದ್ದಕ್ಕೆ ಒಂದು ದಿನ ಹೇಳಿ. ಲೈಟಿನವರು ನಮ್ಮ ಸುತ್ತಮುತ್ತಲಿನವರೇ ಅಲ್ವಾ, ಅವರ ಮನೆಯೂ ನಡೆಯಬೇಕು.

ಇನ್ನು ಖರ್ಚು. ಹವ್ಯಾಸಿ ತಂಡದಲ್ಲಿ ನಟರಿಗೆ ಸಂಬಳವಿಲ್ಲ, ಆದರೂ ದುಡ್ಡು ಕರಗುತ್ತದೆ: ರಂಗಮಂದಿರದ ಬಾಡಿಗೆ, ಲೈಟು, ಸೌಂಡು, ಮೇಕಪ್ಪು, ಸೆಟ್ಟು ಸಾಗಿಸುವ ಗಾಡಿ, ಎಲ್ಲರ ಊಟ. ನಮ್ಮಲ್ಲಿ ಲೈಟಿನದ್ದೇ ದೊಡ್ಡ ಬಾಬತ್ತು. ಒಂದು ವರ್ಷ ಲೈಟಿನ ಹುಡುಗನನ್ನು ತಾಲೀಮಿಗೇ ಕರೆಸಿ ಕೂರಿಸಿದೆವು. ಅವನು ಇಡೀ ನಾಟಕ ನೋಡಿ, ಕಾಡಿನ ದೃಶ್ಯಕ್ಕೆ ಅಂತ ನಾವು ಬರೆದಿದ್ದ ಹಸಿರು ಲೈಟಿನ ಸಾಲನ್ನೇ ಹೊಡೆದುಹಾಕಿ, ಪಕ್ಕದಿಂದ ಎರಡು ಸ್ಪಾಟ್ ಬಿಟ್ಟು ತೋರಿಸಿದ. ಮುಖಗಳು ಮೊದಲಿಗಿಂತ ಚೆನ್ನಾಗಿ ಕಂಡವು, ಬಾಡಿಗೆಯೂ ಇಳಿಯಿತು. ಆಮೇಲೆ ಯಾವ ನಾಟಕಕ್ಕೂ ಅವನನ್ನು ಕೇಳದೆ ಲೈಟಿನ ಪಟ್ಟಿ ಬರೆಯುವುದಿಲ್ಲ.

ದಿನ ಆರಿಸುವುದೂ ಲೆಕ್ಕದ ಭಾಗವೇ. ಮಳೆಗಾಲದಲ್ಲಿ ಕರೆಂಟು ನಂಬುವ ಹಾಗಿಲ್ಲ, ಜನರೇಟರ್ ಬಾಡಿಗೆ ಮೇಲೆ ಡೀಸೆಲ್ಲು ಬೇರೆ, ಜನರೂ ಮನೆ ಬಿಟ್ಟು ಹೊರಡುವುದಿಲ್ಲ. ಅಡಿಕೆ ಕೊಯ್ಲು ಮುಗಿದು ಕೈಯಲ್ಲಿ ದುಡ್ಡಾಡುವ ಹೊತ್ತೇ ನಮಗೆ ಸರಿ. ವೃತ್ತಿ ನಾಟಕ ಕಂಪನಿಗಳು ಎರಡು ವರ್ಷಕ್ಕೊಮ್ಮೆಯ ಶಿರಸಿ ಜಾತ್ರೆಗೆ, ಮೂರು ವರ್ಷಕ್ಕೊಮ್ಮೆಯ ನಿಮ್ಮ ಸಾಗರದ ಮಾರಿಜಾತ್ರೆಗೆ ಬಂದು ಟೆಂಟು ಹಾಕುವುದು ಸುಮ್ನೆ ಅಲ್ಲ.

ಹೆಗ್ಗೋಡು ನಿಮಗೆ ಪಕ್ಕದಲ್ಲೇ ಇದೆ. ಅಲ್ಲಿನ ರಂಗಸಂಸ್ಥೆ ನೀನಾಸಮ್ ಹುಟ್ಟಿದ್ದು 1949ರಲ್ಲಿ, ಊರೂರು ಸುತ್ತಿ ನಾಟಕ ಆಡುವ ಅದರ ತಿರುಗಾಟ ಶುರುವಾದದ್ದು 1985ರಲ್ಲಿ. ತಿರುಗಾಟ ಹೋದ ಊರಲ್ಲೆಲ್ಲ ಸ್ಥಳೀಯ ಸಂಘಟಕರು ಇರುತ್ತಾರೆ, ಪ್ರೇಕ್ಷಕರನ್ನು ಸೇರಿಸಲು ಅವರೇ ಓಡಾಡುತ್ತಾರೆ. ಚಿಕ್ಕ ತಂಡಗಳೂ ಇದನ್ನು ಮಾಡಬಹುದು. ಪಕ್ಕದೂರಿನ ಯುವಕ ಸಂಘವೋ ಹೈಸ್ಕೂಲಿನ ಹಳೆ ವಿದ್ಯಾರ್ಥಿಗಳೋ ಒಪ್ಪಿ ಮುಂಗಡ ಕೊಟ್ಟ ಮೇಲೆಯೇ ನಾವು ದಿನ ಗೊತ್ತು ಮಾಡುತ್ತೇವೆ. ಒಂದೇ ನಾಟಕ ನಾಲ್ಕಾರು ಊರು ಸುತ್ತಿದರೆ ಸೆಟ್ಟಿನ ಖರ್ಚು, ಬಟ್ಟೆಯ ಖರ್ಚು ಹಂಚಿಹೋಗುತ್ತದೆ. ತಿಂಗಳುಗಟ್ಟಲೆ ತಾಲೀಮು ಮಾಡಿ ಒಂದೇ ರಾತ್ರಿಗೆ ಮುಗಿಸುವುದನ್ನು ನೋಡಿದರೆ ನನಗೆ ಹೊಟ್ಟೆ ಉರಿಯುತ್ತದೆ.

ಟಿಕೆಟ್ ಇಡಲು ಹಿಂಜರಿಯಬೇಡಿ. ನಾಟಕದ ಟಿಕೆಟ್ಟು ಒಬ್ಬರಿಗೆ 500 ರೂಪಾಯಿವರೆಗೆ ಇದ್ದರೆ ಜಿಎಸ್‌ಟಿ ಇಲ್ಲ. ಮನೆಮನೆಗೆ ಹೋಗಿ ಮುಂಚೆಯೇ ಮಾರಿ, ಬಾಗಿಲಲ್ಲಿ ಮಾರುತ್ತೇವೆ ಅಂತ ಕೂತರೆ ಆವತ್ತಿನ ಮಳೆ, ಆವತ್ತಿನ ಮದುವೆ ಎಲ್ಲ ನಿಮ್ಮ ತಲೆಗೇ ಬರುತ್ತದೆ. ತಂಡ ನೋಂದಣಿ ಆಗಿಲ್ಲವಾದರೆ ಮಾಡಿಸಿ. 1960ರ ಸಂಘಗಳ ನೋಂದಣಿ ಕಾಯ್ದೆಯಲ್ಲಿ ಏಳು ಜನ ಸದಸ್ಯರಿದ್ದರೆ ಸಾಕು. ಅದಿದ್ದರೆ ಸರ್ಕಾರದ ಧನಸಹಾಯಕ್ಕೂ ಅರ್ಜಿ ಹಾಕಬಹುದು. ಆದರೆ ಬಾರದ ಧನಸಹಾಯವನ್ನು ನಂಬಿ ಯಾರಿಗೂ ಅಡ್ವಾನ್ಸ್ ಕೊಡಬೇಡಿ.

ಪತ್ರಿಕೆಯ ಕಥೆ ಸ್ವಲ್ಪ ಬೇರೆ. ಆಫ್‌ಸೆಟ್‌ನಲ್ಲಿ ನೂರು ಪ್ರತಿ ಹಾಕಿದರೂ ಸಾವಿರ ಹಾಕಿದರೂ ಅಚ್ಚಿಗೆ ಮೊದಲು ಮಾಡಿಸುವ ಪ್ಲೇಟಿನ ಖರ್ಚು ಒಂದೇ. ಅದಕ್ಕೇ ಕಡಿಮೆ ಪ್ರತಿ ಹಾಕುವವರಿಗೆ ಒಂದೊಂದು ಪ್ರತಿಯೂ ದುಬಾರಿ ಬೀಳುತ್ತದೆ. ಇನ್ನೂರು ಪ್ರತಿಯೊಳಗೆ ಆದರೆ ಜೆರಾಕ್ಸ್ ಅಥವಾ ಡಿಜಿಟಲ್ ಪ್ರಿಂಟಿನ ದರವನ್ನೂ ಕೇಳಿ ನೋಡಿ. ಡಿಟಿಪಿ, ಅಂದರೆ ಕಂಪ್ಯೂಟರಿನಲ್ಲಿ ಪುಟ ಕಟ್ಟುವ ಕೆಲಸ, ನೀವೇ ಮಾಡಿ. ತಿಂಗಳು ತಿಂಗಳು ತರುವ ಹಟವೂ ಬೇಡ, ಸೆಮಿಸ್ಟರಿಗೆ ಎರಡು ಸಂಚಿಕೆ ಗಟ್ಟಿಯಾಗಿ ಬರಲಿ, ನಡುವೆ ಕೈಬರಹದ ಗೋಡೆ ಪತ್ರಿಕೆ ಹಾಕಿ. ಕಾಲೇಜಿನ ಆಚೆ ಮಾರುವ ಯೋಚನೆಯಿದ್ದರೆ ನೋಂದಣಿಯ ವಿಷಯ ಪ್ರಿನ್ಸಿಪಾಲರ ಜೊತೆ ಕೂತು ಮಾತಾಡಿ. 1867ರ ಹಳೆ ಕಾಯ್ದೆ ಹೋಗಿ 2023ರ ಹೊಸ ಕಾಯ್ದೆ 2024ರ ಮಾರ್ಚಿನಿಂದ ಬಂದಿದೆ, ಅರ್ಜಿ ಆನ್‌ಲೈನ್‌ನಲ್ಲೇ.

ನನಗೆ ಮುಖ್ಯವಾಗಿ ಹೇಳಬೇಕಿದ್ದದ್ದು ಇದು: ಎರಡನ್ನೂ ಸೇರಿಸಿ. ನಾಟಕಕ್ಕೆ ಸ್ಮರಣ ಸಂಚಿಕೆ ಅಂದರೆ ನಮ್ಮ ಕಡೆ ಸೊಸೈಟಿ, ಗೊಬ್ಬರದ ಅಂಗಡಿ, ಬಟ್ಟೆ ಅಂಗಡಿ ಎಲ್ಲರೂ ಕಾಲು ಪುಟದ ಜಾಹೀರಾತು ಕೊಡುತ್ತಾರೆ, ಅದು ಅವರಿಗೆ ರೂಢಿಯಿದೆ. ಆ ಸಂಚಿಕೆಯನ್ನು ನಿಮ್ಮ ಪತ್ರಿಕೆಯ ಹುಡುಗರೇ ವಿಶೇಷ ಸಂಚಿಕೆಯಾಗಿ ತರಲಿ. ನಟರ ಸಂದರ್ಶನ, ಊರಿನ ಹಳೆ ನಾಟಕಗಳ ನೆನಪು, ವೇಷ ಕಟ್ಟುತ್ತಿದ್ದ ಅಜ್ಜಂದಿರ ಫೋಟೋ ಹಾಕಿ. ಬಂದ ಜಾಹೀರಾತಿನ ದುಡ್ಡಲ್ಲಿ ಮೊದಲು ಪ್ರೆಸ್ಸಿನ ಬಿಲ್ಲು, ಉಳಿದದ್ದು ಅರ್ಧರ್ಧ. ಕೇಳಲು ಹೋಗುವಾಗ ಹಳೆ ಸಂಚಿಕೆ ಮತ್ತು ರಸೀದಿ ಪುಸ್ತಕ ಕೈಯಲ್ಲಿರಲಿ. ದುಡ್ಡು ಅಲ್ಲೇ ತೆಗೆದುಕೊಂಡು ರಸೀದಿ ಹರಿದು ಕೊಡಿ.

ಸಣ್ಣ ಸಣ್ಣ ಜಾಹೀರಾತಿನಿಂದ ಇನ್ನೊಂದು ಲಾಭವಿದೆ. ಹಾಸ್ಟೆಲಿನ ನೀರಿನ ಬಗ್ಗೆಯೋ ಸಂಜೆ ಬಸ್ಸಿಲ್ಲದ ಬಗ್ಗೆಯೋ ಬರೆದಾಗ ಯಾರೋ ಒಬ್ಬರಿಗೆ ಕೋಪ ಬರುತ್ತದೆ, ಅವರ ಕಾಲು ಪುಟ ಹೋಗುತ್ತದೆ, ಪತ್ರಿಕೆ ಉಳಿಯುತ್ತದೆ. ಪೂರ್ತಿ ಖರ್ಚು ಅವರೇ ಕೊಡುತ್ತಿದ್ದರೆ ಆ ಸುದ್ದಿಯೇ ಅಚ್ಚಾಗುತ್ತಿರಲಿಲ್ಲ.

ನಿಮ್ಮ ಕಳೆದ ನಾಟಕದ ಖರ್ಚಿನ ಪಟ್ಟಿ, ಪ್ರೆಸ್ಸಿನ ಬಿಲ್ಲು ಎರಡನ್ನೂ ಇಲ್ಲಿ ಹಾಕಿ. ಯಾವ ಬಾಬತ್ತು ಇಳಿಸಬಹುದು ಅಂತ ಒಟ್ಟಿಗೆ ನೋಡೋಣ. ಹೊಸನಗರ, ಕೊಪ್ಪದ ಕಡೆಯವರು ಯಾರಾದರೂ ಮುಂಗಡ ತೆಗೆದುಕೊಂಡು ಆಡಿದ್ದರೆ ಎಷ್ಟಕ್ಕೆ ಒಪ್ಪಿಸಿದಿರಿ ಅಂತ ತಿಳಿಸಿ.